ಕರಡಿಗೆಯೊಳಗಿನ ಹಸಿರು

ಗುರುವಾರ ಬೆಳಿಗ್ಗೆ ಏಳು ಗಂಟೆ. ಕುರಿಗಾಹಿ ಹಾವಗೆಪ್ಪ ನೀರು ಸೇದಲು ಭಾತಂಬ್ರಾದ ಹೈಸ್ಕೂಲಿನ ಹಿಂದಿನ ಬಾವಿಗೆ ಹೋದ. ಬಾವಿಯ ಬಾಯಿಗೆ ಹಾಕಿದ್ದ ಕಬ್ಬಿಣದ ಜಾಳಿಗೆ ಒಂದು ಬದಿಗೆ ಸರಿದಿತ್ತು. ಬಗ್ಗಿ ನೋಡಿದ. ಕೆಳಗಿನ ಮೆಟ್ಟಿಲಿಗೆ ತಗುಲಿಕೊಂಡು ಒಂದು ಹೆಣ ಇತ್ತು. ಶಾಲೆಯ ಬಿಸಿಯೂಟದ ಅಡುಗೆಯವಳು, ಲಲಿತಾಬಾಯಿ.

ಭಾಲ್ಕಿಯಿಂದ ನಾವು ಜೀಪಿನಲ್ಲಿ ಹೋಗಿ ಮುಟ್ಟಿದಾಗ ಎಂಟಾಗಿತ್ತು. ನಾವು ಅಂದರೆ ಪಿಎಸ್‌ಐ ಸಿದ್ದೇಶ್ವರಿ ಮೇಡಂ, ಇಬ್ಬರು ಪೇದೆಗಳು ಮತ್ತು ನಾನು, ಹೆಡ್ ಕಾನ್‌ಸ್ಟೇಬಲ್ ಸತೀಶಕುಮಾರ. ಇಪ್ಪತ್ತೆಂಟು ವರ್ಷದ ಸರ್ವಿಸು. ಬಾವಿಯಿಂದ ಎಷ್ಟು ಹೆಣ ಎತ್ತಿಸಿದ್ದೇನೋ ನನಗೇ ಲೆಕ್ಕವಿಲ್ಲ. ಅದಕ್ಕೇ ಅವತ್ತು ಎಡವಿದೆ.

ದಂಡೆಯ ಮೇಲೆ ಆಕೆಯ ಚಪ್ಪಲಿ ಇತ್ತು, ಪಕ್ಕದಲ್ಲಿ ಖಾಲಿ ಕೊಡ. ಮೈಮೇಲೆ ಗಾಯವಿಲ್ಲ. ಸೀರೆ ಸ್ವಚ್ಛವಾಗಿತ್ತು. ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಇಷ್ಟಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಇಡುವ ಪುಟ್ಟ ಡಬ್ಬಿ, ಹಾಗೆಯೇ ಇತ್ತು. ಅಂದಮೇಲೆ ಕಳ್ಳತನವಲ್ಲ ಎಂದು ಬರೆದುಕೊಂಡೆ.

ಜಾಳಿಗೆ ತೆಗೆದವರು ಯಾರು ಎಂದು ಕೇಳಿದರೆ ಊರಿಗೆ ಊರೇ ಒಂದು ಹೆಸರು ಹೇಳಿತು. ದಸ್ತಗೀರ. ಆರು ಹಳ್ಳಿಗಳ ಬಾವಿಗಳ ಮೋಟಾರು ರಿಪೇರಿ ಮಾಡುವವನು. ಶಾಲೆಯ ಮೋಟಾರು ಸುಟ್ಟಿತ್ತು, ಬುಧವಾರ ಇಡೀ ದಿನ ಅದೇ ಬಾವಿಯ ಮೇಲೆ ಕೆಲಸ ಮಾಡಿದ್ದ. ಮಧ್ಯಾಹ್ನ ಲಲಿತಾಬಾಯಿ ಅವನನ್ನು ಚೆನ್ನಾಗಿ ಬೈದಿದ್ದಳಂತೆ. ನೀರಿಲ್ಲದೆ ಅನ್ನ ಬೇಯಿಸಲಿ ಹೇಗೆ ಎಂದು. ಅವನೂ ತಿರುಗಿ ಮಾತನಾಡಿದ್ದನ್ನು ಇನ್ನೂರು ಮಕ್ಕಳು ಕೇಳಿದ್ದರು.

ಸಂಜೆ ಆರಕ್ಕೆ ನಾನೇ ಹೋಗಿ ಅವನನ್ನು ಕರೆತಂದೆ. ಐದು ಗಂಟೆಗೆ ಜಾಳಿಗೆ ಮುಚ್ಚಿ ತಂತಿ ಬಿಗಿದು ಮನೆಗೆ ಹೋದೆ ಎಂದ. ಎಲ್ಲರೂ ಹಾಗೆಯೇ ಹೇಳುತ್ತಾರೆ. ಜೀಪು ಹತ್ತುವಾಗ ಒಂದು ಮಾತು ಅಂದ.

"ಈ ಹೆಸರು ಒಂದ್ಸಲ ಹತ್ತಿತಂದ್ರ ಯಾರೂ ನನಗ ತಮ್ಮ ಬಾವಿ ಮ್ಯಾಗ ಬರಗೊಡಂಗಿಲ್ಲರಿ, ಸಾಹೇಬ್ರ."

ನಾನು ಜೀಪಿನ ಬಾಗಿಲು ಹಾಕಿದೆ.

* * *

ಅಂತ್ಯಕ್ರಿಯೆ ಶುಕ್ರವಾರ ಬೆಳಿಗ್ಗೆ. ಮುಳುಗಿಯೇ ಸತ್ತಿದ್ದಾಳೆ, ಶ್ವಾಸಕೋಶದಲ್ಲಿ ನೀರಿದೆ ಎಂದು ಭಾಲ್ಕಿಯ ಡಾಕ್ಟರು ಹೇಳಿಯಾಗಿತ್ತು. ಲಲಿತಾಬಾಯಿ ವಿಧವೆ, ಒಬ್ಬಳೇ ಇದ್ದವಳು. ಹಾಗಾಗಿ ಬುಧವಾರ ರಾತ್ರಿ ಆಕೆ ಮನೆಗೆ ಬಾರದಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ. ಹತ್ತಿರದವನೆಂದರೆ ಗಂಡನ ಅಣ್ಣನ ಮಗ ಶಿವಕಾಂತ, ಆಕೆಯನ್ನು ಸಣ್ಣವ್ವ ಎನ್ನುತ್ತಿದ್ದವನು. ತಾಯಿ ಇಲ್ಲದ ಹುಡುಗನನ್ನು ಆಕೆಯೇ ಬೆಳೆಸಿದ್ದಳು. ಕುಣಿಯ ಪಕ್ಕ ಅವನು ತಲೆ ಎತ್ತದೆ ನಿಂತಿದ್ದ.

ಶವಪರೀಕ್ಷೆಯಲ್ಲಿ ತೆಗೆದ ಕರಡಿಗೆಯನ್ನು ನಾನು ಲಕೋಟೆಯಲ್ಲಿ ಒಯ್ದಿದ್ದೆ. ಬಿಚ್ಚಿ ನೋಡಿರಲಿಲ್ಲ. ನಾನೂ ಲಿಂಗ ಕಟ್ಟಿಕೊಂಡವನು. ಇನ್ನೊಬ್ಬರ ಲಿಂಗಕ್ಕೆ ಕೈ ಹಚ್ಚುವುದು ನಮ್ಮಲ್ಲಿ ಇಲ್ಲ. ಅಂತ್ಯಕ್ರಿಯೆ ನಡೆಸಲು ಬಂದಿದ್ದ ಅಯ್ಯನವರ ಕೈಗೆ ಕೊಟ್ಟೆ. ಮಣ್ಣು ಮಾಡುವಾಗ ಲಿಂಗವನ್ನು ತೀರಿಕೊಂಡವರ ಎಡಗೈಯಲ್ಲಿ ಇಡಬೇಕು.

ಅಯ್ಯನವರು ಮುಚ್ಚಳ ತಿರುಗಿಸಿದರು. ಬಿಗಿಯಾಗಿತ್ತು. ತೆರೆದಾಗ ಒಳಗಿನ ಬಿಳಿಯ ಬಟ್ಟೆ ಹಸಿರಾಗಿತ್ತು, ಲೋಳೆಲೋಳೆ. ಮೀನಿನ ವಾಸನೆ.

"ಶಿವಶಿವಾ, ಏನಿದು ಪಾಚಿ?" ಎಂದರು ಅಯ್ಯನವರು. ಲಿಂಗವನ್ನು ತೊಳೆದು ಆಕೆಯ ಅಂಗೈಗೆ ಇಟ್ಟು, ಬಟ್ಟೆಯನ್ನು ಪಕ್ಕಕ್ಕೆ ಹಾಕಿದರು.

ಆ ಬಟ್ಟೆಯನ್ನು ಎತ್ತಿಕೊಂಡವಳು ಮೇಘಾ ಟೀಚರ್. ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಅಯ್ಯನವರನ್ನು ಕೇಳಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೇರ ನನ್ನ ಬಳಿ ಬಂದಳು.

"ಸಾಹೇಬ್ರ, ಸೋಮವಾರ ಆ ಬಾವಿಗಿ ಬ್ಲೀಚಿಂಗ್ ಪೌಡರ್ ಹಾಕ್ಯಾರರಿ. ಅದರಾಗ ಹಸಿರು ಹ್ಯಾಂಗ ಬರ್ತದ?"

ದಸ್ತಗೀರನನ್ನು ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಮೇಡಂಗೆ ಫೋನು ಮಾಡಿದೆ.

* * *

ಹತ್ತನೆಯ ತರಗತಿಯ ಕೋಣೆ. ಅವತ್ತು ಶಾಲೆಗೆ ರಜೆ. ಮೇಜಿನ ಮೇಲೆ ಬೀದರಿನಿಂದ ತರಿಸಿದ ಡಿಜಿಟಲ್ ಸೂಕ್ಷ್ಮದರ್ಶಕ, ಅದರ ತಂತಿ ಲ್ಯಾಪ್‌ಟಾಪಿಗೆ. ಸಿದ್ದೇಶ್ವರಿ ಮೇಡಂ ಮಕ್ಕಳ ಬೆಂಚಿನಲ್ಲಿ ಕೂತರು. ನಾನು ಹಿಂದೆ ನಿಂತೆ.

ಎರಡು ವಾರದಿಂದ ತಾನು ಮಕ್ಕಳಿಗೆ ಪ್ಲಾಂಕ್ಟನ್ ತೋರಿಸುತ್ತಿದ್ದೇನೆ ಎಂದು ಟೀಚರ್ ಹೇಳಿದಳು. ಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಿಡ, ಹುಳ. ಊರಿನ ಮೂರು ಕಡೆಯ ನೀರನ್ನು ಬಾಟಲಿಯಲ್ಲಿ ತರಿಸಿದ್ದಳು. ಶಾಲೆಯ ಬಾವಿ, ಊರ ಕೆರೆ, ಮತ್ತೆ ಶಿವಕಾಂತನ ಹೊಲದ ಕೃಷಿ ಹೊಂಡ. ಪ್ರತಿಯೊಂದರ ಫೋಟೋ ತಾರೀಖಿನ ಸಮೇತ ಲ್ಯಾಪ್‌ಟಾಪಿನಲ್ಲಿ ಇತ್ತು.

ಮೊದಲು ಕರಡಿಗೆಯ ಬಟ್ಟೆ. ಹನಿ ನೀರು ಹಾಕಿ ಹಿಂಡಿ ಗಾಜಿನ ಮೇಲಿಟ್ಟಳು. ಪರದೆಯ ತುಂಬ ಹಸಿರು ಬಿಲ್ಲೆಗಳು. ಸುತ್ತಲೂ ಹಲ್ಲು.

"ಇದಕ್ಕ ಪೀಡಿಯಾಸ್ಟ್ರಮ್ ಅಂತಾರ್ರಿ. ನಮ್ಮ ಹುಡುಗ್ರು ಸೈಕಲ್ ಫ್ರೀವೀಲ್ ಅಂತಾರ."

ಆಮೇಲೆ ಸೋಮವಾರದ ನಂತರ ತೆಗೆದ ಬಾವಿ ನೀರಿನ ಫೋಟೋ. ಏನೂ ಇಲ್ಲ. ತೊಳೆದಿಟ್ಟ ತಟ್ಟೆಯಷ್ಟು ಖಾಲಿ.

ಅಂದರೆ ಲಲಿತಾಬಾಯಿ ಬಾವಿಯಲ್ಲಿ ಮುಳುಗಿರಲಿಲ್ಲ. ಬೇರೆಲ್ಲೋ ಮುಳುಗಿದ್ದಳು. ಕರಡಿಗೆಯ ತುಂಬ ಅಲ್ಲಿಯ ನೀರೇ ಹೊಕ್ಕಿತ್ತು, ಬಾವಿಯ ನೀರಿಗೆ ಒಳಗೆ ಜಾಗವಿರಲಿಲ್ಲ. ಸತ್ತ ಮೇಲೆ ಯಾರೋ ತಂದು ಬಾವಿಗೆ ಹಾಕಿದ್ದರು.

ನನ್ನ ತಲೆಗೆ ತಕ್ಷಣ ಬಂದವನು ಹಾವಗೆಪ್ಪ. ಬುಧವಾರ ಅವನು ಕೆರೆಯಲ್ಲಿ ಕುರಿ ತೊಳೆದಿದ್ದ. ಕೆರೆಯೂ ಹಸಿರೇ. ಶಾಲೆಯ ಕಾಯಿಪಲ್ಲೆಯ ಮಡಿಗೆ ಅವನ ಕುರಿ ನುಗ್ಗುತ್ತವೆಂದು ಲಲಿತಾಬಾಯಿ ಎಷ್ಟೋ ಸಲ ಜಗಳ ತೆಗೆದಿದ್ದಳು. ಹೆಣ ಮೊದಲು ಕಂಡವನೂ ಅವನೇ. ಹೇಳಿದೆ. ಮೇಡಂ ತಲೆಯಾಡಿಸಿದರು.

ಟೀಚರ್ ಕೆರೆಯ ಫೋಟೋ ತೆರೆದಳು. ಉದ್ದುದ್ದ ಹಸಿರು ಎಳೆ, ಸೂಜಿಯಂಥ ಕಡ್ಡಿ, ಮಣ್ಣಿನ ಕಣ. ಫ್ರೀವೀಲ್ ಒಂದೂ ಇಲ್ಲ. ಮತ್ತೊಮ್ಮೆ ನೋಡಿಸಿದೆ. ಒಂದೂ ಇಲ್ಲ. ಹಾವಗೆಪ್ಪನ ಮೇಲೆ ಸುಮ್ಮನೆ ಬೆರಳು ತೋರಿಸಿದೆನಲ್ಲ ಎಂದು ನಾಚಿಕೆಯಾಯಿತು. ಎರಡು ದಿನದಲ್ಲಿ ಇದು ಎರಡನೆಯ ಸಲ.

ಕೊನೆಗೆ ಹೊಂಡದ ಫೋಟೋ. ಪರದೆಯ ತುಂಬ ಹಲ್ಲಿನ ಬಿಲ್ಲೆ.

ಶಿವಕಾಂತ ಹೊಂಡದಲ್ಲಿ ಮೀನು ಬಿಟ್ಟಿದ್ದ. ಮೀನಿಗೆ ಮೇವಾಗಲೆಂದು ಸಗಣಿ ಹಾಕಿ ನೀರನ್ನು ಹಸಿರು ಮಾಡಿದ್ದ. ಆ ಬಿಲ್ಲೆಗಳು ಮೀನಿನ ಮರಿಯ ನೀರಿನ ಜೊತೆ ಹೊರಗಿನಿಂದ ಬಂದಿರಬೇಕು ಎಂದಳು ಟೀಚರ್.

"ಸಾಲಿ ಫೋಟೋ ಕೋರ್ಟಿನಾಗ ನಡ್ಯಂಗಿಲ್ಲ," ಎಂದರು ಮೇಡಂ, ಏಳುತ್ತ. "ಆದ್ರ ಎಲ್ಲಿ ಹುಡುಕಬೇಕು ಅಂತ ಗೊತ್ತಾತು. ನಡೀರಿ."

* * *

ಹೊಂಡ ಶಾಲೆಯ ಬಾವಿಯಿಂದ ಇನ್ನೂರು ಹೆಜ್ಜೆ. ನಾಲ್ಕೂ ಬದಿಗೆ ಕಪ್ಪು ಪ್ಲಾಸ್ಟಿಕ್ ಹಾಸು. ಬೇಲಿ ಇಲ್ಲ. ಹಿಡಿದು ಹತ್ತಲು ಹಗ್ಗವೂ ಇಲ್ಲ. ಜಾರಿದರೆ ಮುಗಿಯಿತು, ಉಗುರಿಗೂ ಆಧಾರ ಸಿಗದು. ಬೇಲಿ ಹಾಕದಿದ್ದರೆ ಮುಚ್ಚಿಸುತ್ತೇವೆಂದು ಪಂಚಾಯಿತಿಯಿಂದ ನೋಟಿಸು ಬಂದಿತ್ತಂತೆ. ಮಕ್ಕಳು ಅತ್ತ ಸುಳಿಯದಂತೆ ಹೆಡ್‌ಮಾಸ್ತರು ಕಟ್ಟುನಿಟ್ಟು ಮಾಡಿದ್ದರು.

ಶಿವಕಾಂತನನ್ನು ಅಲ್ಲಿಗೇ ಕರೆಸಿದೆವು. ಮೇಡಂ ಮೆತ್ತಗೆ ಕೇಳಿದರು. ಬುಧವಾರ ನಸುಕಿನ ಬಸ್ಸಿಗೆ ಔರಾದಿಗೆ ಹೋಗಿದ್ದೆ, ಮರಳಿ ಬಂದು ಮುಟ್ಟುವಾಗ ರಾತ್ರಿ ಒಂಬತ್ತು ಎಂದ. ಸಣ್ಣವ್ವನ ಮುಖ ಕಂಡದ್ದು ಮಂಗಳವಾರ, ಅದೇ ಕೊನೆ. ಔರಾದಿನ ಬೀಗರ ಹೆಸರನ್ನೂ ಹೇಳಿದ. ಒಂದೊಂದೂ ಬಾಯಿಪಾಠ ಮಾಡಿದ ಹಾಗೆ.

"ಆಕಿ ಈ ಹೊಂಡಕ್ಕ ಬರ್ತಿದ್ಳೇನು?"

"ಇಲ್ಲರಿ ಮೇಡಂ. ಸಾಲಿ ಬಾಟ್ಲಿಗಿ ನೀರು ಬೇಕಂದಿದ್ಳು. ನಾನೇ ತುಂಬಿ ಕೊಡ್ತೇನಿ, ನೀ ಬರಬ್ಯಾಡ ಅಂದೇನ್ರಿ."

ನನಗೆ ಅದರಲ್ಲಿ ಏನೂ ಹೊಳೆಯಲಿಲ್ಲ. ನಮ್ಮ ಜೊತೆ ಬಂದಿದ್ದ ಮೇಘಾ ಟೀಚರ್ ಮಾತ್ರ ಥಟ್ಟನೆ ಮುಂದೆ ಬಂದಳು.

"ಬಾಟ್ಲಿ ವಿಷಯ ನಿಮಗ ಯಾವಾಗ ಹೇಳಿದ್ಳು?"

"ಮಂಗಳವಾರ್ರಿ."

"ಮಂಗಳವಾರ ಆಕಿಗೇ ಗೊತ್ತಿರಲಿಲ್ಲ," ಎಂದಳು ಟೀಚರ್. "ಹೊಂಡದ ನೀರಿನ ಬಾಟ್ಲಿ ಒಡ್ದದ್ದು ಬುಧವಾರ ಊಟ ಆದ ಮ್ಯಾಲೆ. ಮತ್ತ ತರಬೇಕಾಗಿತ್ತು. ಹುಡುಗ್ರಿಗಿ ಕಳಸಬ್ಯಾಡ್ರಿ, ನಮ್ಮ ಶಿವ್ಯಾಂದೇ ಹೊಂಡ, ನಾನೇ ತರ್ತೇನಿ ಅಂದ್ಳು. ಆವಾಗ ಎರಡೂವರಿ. ಅಲ್ಲಿ ನಾವಿಬ್ಬರೇ ಇದ್ದಿವಿ."

ಲಲಿತಾಬಾಯಿಯ ಬಳಿ ಫೋನಿರಲಿಲ್ಲ. ಔರಾದಿನಲ್ಲಿ ಇದ್ದವನಿಗೆ ಬಾಟಲಿಯ ಸುದ್ದಿ ಹೇಗೆ ಮುಟ್ಟಿತು? ಎರಡೂವರೆಯ ನಂತರ ಆಕೆಯನ್ನು ಕಂಡವನಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ.

ಶಿವಕಾಂತ ಹೊಂಡದ ದಂಡೆಯ ಮೇಲೆಯೇ ಕುಸಿದು ಕೂತ.

* * *

ಅವನು ಹೇಳಿದ್ದು ಇಷ್ಟು. ಬುಧವಾರ ಅವನು ಔರಾದಿಗೆ ಹೋಗಿಯೇ ಇರಲಿಲ್ಲ, ಹೊಂಡದ ಬಳಿಯೇ ಇದ್ದ. ಲಲಿತಾಬಾಯಿ ಬಂದು ಬಾಟಲಿ ತೋರಿಸಿ, ಅವನು ಬೇಡವೆಂದರೂ ಕೇಳದೆ ಬಗ್ಗಿದಳು. ಜಾರಿದಳು. ಶಿವ್ಯಾ ಎಂದು ಕೂಗಿದಳು. ಅವನಿಗೆ ಈಜು ಬರುವುದಿಲ್ಲ. ಕೂಗಿ ಜನ ಕರೆದರೆ ನೋಟಿಸು ಕೊಟ್ಟವರು ಹೊಂಡ ಮುಚ್ಚಿಸುತ್ತಾರೆ ಎಂಬುದು ತಲೆಗೆ ಬಂತು. ತಾನೇ ಹೇಗಾದರೂ ಎಳೆದುಕೊಳ್ಳೋಣವೆಂದು ಕೋಲು ಹುಡುಕಿದ. ಕೋಲು ಸಿಗುವಷ್ಟರಲ್ಲಿ ಆಕೆಯ ದನಿ ನಿಂತಿತ್ತು.

ಹೊತ್ತು ಮುಳುಗಿದ ಮೇಲೆ ಕೊಕ್ಕೆ ಹಾಕಿ ಹೊರಗೆ ತೆಗೆದ. ಸೀರೆಗೆ ಹತ್ತಿದ್ದ ಪಾಚಿಯನ್ನು ಕೊಡಗಟ್ಟಲೆ ನೀರು ಸುರಿದು ತೊಳೆದ. ಟ್ರ್ಯಾಕ್ಟರಿನಲ್ಲಿ ಕಬ್ಬಿನ ಸೋಗೆಯ ಕೆಳಗಿಟ್ಟು ಶಾಲೆಯ ಬಾವಿಗೆ ತಂದ. ದಸ್ತಗೀರ ಬಿಗಿದಿದ್ದ ತಂತಿಯನ್ನು ಬಿಚ್ಚಿದ. ನೀರಿಗೆ ಬಂದು ಬಿದ್ದಳೆಂದು ಕಾಣಲಿ ಎಂದು ಆಕೆಯ ಚಪ್ಪಲಿಯನ್ನೂ ಒಂದು ಖಾಲಿ ಕೊಡವನ್ನೂ ದಂಡೆಯ ಮೇಲಿಟ್ಟ. ಮಧ್ಯಾಹ್ನದ ಜಗಳದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಅನುಮಾನ ಯಾರ ಮೇಲೆ ಹೋಗುತ್ತದೆಂದು ಚೆನ್ನಾಗಿ ಗೊತ್ತಿತ್ತು.

"ಎಲ್ಲಾ ತೊಳ್ದಿ. ಕರಡಿಗಿ ಯಾಕ ತೊಳೀಲಿಲ್ಲ?" ಮೇಡಂ ಕೇಳಿದರು.

"ಸಣ್ಣವ್ವನ ಲಿಂಗರಿ ಅದು," ಎಂದ. "ಅದಕ್ಕ ಹ್ಯಾಂಗ ಕೈ ಹಚ್ಚಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ನಾಚಿಕೆ. ಅದೇ ಡಬ್ಬಿಯನ್ನು ಅದೇ ಕಾರಣಕ್ಕೆ ನಾನೂ ಬಿಚ್ಚಿರಲಿಲ್ಲ. ಅವನಿಗೆ ಇದ್ದ ಭಕ್ತಿ ನನಗೂ ಇತ್ತು. ದಸ್ತಗೀರನ ಗತಿ ಏನಾದೀತೆಂದು ಒಮ್ಮೆ ನಿಂತು ಯೋಚಿಸುವಷ್ಟು ವ್ಯವಧಾನ ಮಾತ್ರ ಇಬ್ಬರಿಗೂ ಇರಲಿಲ್ಲ.

ಹೊಂಡದ ನೀರು ಇಳಿಸಿದಾಗ ತಳದಲ್ಲಿ ಶಾಲೆಯ ಬಾಟಲಿ ಸಿಕ್ಕಿತು. ಮೇಲೆ ಮೇಘಾ ಟೀಚರಿನ ಕೈಬರಹದ ಚೀಟಿ. ಮುಳುಗಿದವರ ಮೂಳೆಯೊಳಗೂ ಆ ನೀರಿನ ಪ್ಲಾಂಕ್ಟನ್ ಸೇರಿರುತ್ತದಂತೆ. ಅದಕ್ಕೆಂದೇ ಡಾಕ್ಟರು ತೆಗೆದಿಟ್ಟಿದ್ದ ಮೂಳೆಯ ತುಂಡು, ಆ ಬಟ್ಟೆ, ಹೊಂಡದ ನೀರು ಮೂರೂ ಪ್ರಯೋಗಾಲಯಕ್ಕೆ ಹೋದವು. ಟೀಚರ್ ಬಾಟಲಿಯ ಮುಂದೆ ಬಂದು ನಿಂತಳು.

"ನಾನೇ ಕಳ್ಸಿದಂಗಾತಲ್ಲರಿ ಆಕಿಗಿ," ಎಂದಳು. ಮೇಡಂ ಆಕೆಯ ಹೆಗಲು ಹಿಡಿದುಕೊಂಡರು.

* * *

ಐದು ಗಂಟೆಗೆ ದಸ್ತಗೀರನನ್ನು ಹೊರಗೆ ಬಿಟ್ಟೆವು. ನಾನೇ ಬಾಗಿಲು ತೆರೆದೆ. ತಪ್ಪಾಯಿತು ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಠಾಣೆಯೊಳಗೆ ಆ ಮಾತು ಆಡಿದ್ದು ಅದೇ ಮೊದಲು. ಅವನು ಹೂಂ ಅಂದ ಅಷ್ಟೇ. ನಡೆದದ್ದನ್ನೆಲ್ಲ ಕೇಳುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟ. ನನ್ನನ್ನೂ ಶಿವಕಾಂತನನ್ನೂ ಬೈಯುತ್ತಾನೆ, ಬೈಯಲಿ ಎಂದು ಕಾದು ನಿಂತೆ.

ಅವನು ಬೈಯಲಿಲ್ಲ. ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ಎರಡೂವರಿಗಿ ನಾ ಬಾವಿ ಮ್ಯಾಗೇ ಇದ್ದೆ, ಸಾಹೇಬ್ರ," ಎಂದ. "ಮೋಟಾರ್ ಎತ್ತೋ ಹಗ್ಗ ಕೈಯಾಗೇ ಇತ್ತು. ಅಂವ ಒಂದ್ ಕೂಗ್ ಹಾಕಿದ್ರ ಸಾಕಿತ್ತು. ನನಗ ಈಜು ಬರ್ತದ."