ಎಲೆಕ್ಟ್ರೋಸ್ಕೋಪಿನ ಚಾರ್ಜ್ ಕದ್ದವರು

ಬೆಳಿಗ್ಗೆ ಹತ್ತೂವರೆಗೆ ಕಳ್ಳತನ ಬಯಲಾಯಿತು. ದಾವಣಗೆರೆ ವಿದ್ಯಾನಗರದ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಆಯುಧಪೂಜೆಯ ಮಂಗಳಾರತಿ ಮುಗಿದು ಇನ್ನೂ ಒಂದು ಗಂಟೆಯಾಗಿಲ್ಲ — ಎಲೆಕ್ಟ್ರೋಸ್ಕೋಪಿಗೆ ಕೊಟ್ಟ ಚಾರ್ಜ್ ಮಂಗಮಾಯ!

ಚೆಂಡುಹೂವಿನ ಹಾರ ಹಾಕಿಕೊಂಡು ಆ ಉಪಕರಣ ಕಬ್ಬಿಣದ ಟೇಬಲ್ಲಿನ ಮೇಲೆ ಜಂಬದಿಂದ ಕೂತಿತ್ತು. ವಿಜ್ಞಾನದ ಟೀಚರ್ ಶೋಭಾರಾಣಿ ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಉಜ್ಜಿ ಉಜ್ಜಿ ಅದರ ನೆತ್ತಿಯ ಹಿತ್ತಾಳೆ ಬಿಲ್ಲೆಗೆ ತಾಗಿಸಿದರು. ವಿದ್ಯುತ್ ಚಾರ್ಜ್ ತಗುಲಿದೊಡನೆ ಗಾಜಿನ ಜಾಡಿಯೊಳಗಿನ ಎರಡು ತೆಳು ಲೋಹದ ಎಲೆಗಳು ಪರಸ್ಪರ ದೂರ ಸರಿಯಬೇಕಿತ್ತು. ಸರಿಯಲಿಲ್ಲ. ಮಧ್ಯಾಹ್ನ ಹರಿಹರದ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಒಯ್ಯಬೇಕು.

ಹೆಡ್‌ಮಾಸ್ಟರ್ ಬಕ್ಕೇಶಪ್ಪನವರಿಗೆ ಒಳಗೊಳಗೇ ಖುಷಿ. ಪತ್ತೇದಾರಿಕೆ ಸಿಕ್ಕರೆ ಅವರಿಗೆ ಬೆಣ್ಣೆದೋಸೆಯೂ ಬೇಡ. ಪೂಜೆಗೆ ಬಂದಿದ್ದ ಮಕ್ಕಳನ್ನು ಒಂದು ಪಕ್ಕ ನಿಲ್ಲಿಸಿ, ಬಾಗಿಲು ಹಾಕಿಸಿ, ಕನ್ನಡಕ ಒರೆಸಿ, ಮೊದಲ ಅನುಮಾನವನ್ನು ಅಟೆಂಡರ್ ಓಬಕ್ಕನ ಮೇಲೆ ಹೊರಿಸಿದರು. ಹನ್ನೆರಡು ವರ್ಷದಿಂದ ಈ ಸಾಮಾನುಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಂಡ ಹೆಂಗಸು. ಅವಳನ್ನು ಇಲ್ಲಿಂದ ತೆಗೆದು ಗೇಟಿನ ಕೆಲಸಕ್ಕೆ ಹಾಕುವ ಆದೇಶ ಬರೆಯಲು ಗುಮಾಸ್ತ ಕೊಟ್ಟೂರೇಶ್ ಪೆನ್ನು ಹಿಡಿದು ನಿಂತ.

"ಜಾಡಿ ತೊಳೆದಿದ್ದು ಯಾರು?"

"ನಾನೇರಿ ಸಾರ್. ಮೊನ್ನೆ."

"ಒಳಗೆ ಪಸೆ ಉಳಿದಿತ್ತಾ?"

"ಬಿಸ್ಲಿಗಿಟ್ಟು ಒಣಗ್ಸೀನ್ರಿ. ನಿನ್ನೆ ಸಂಜೆ ಟೀಚರ್ ಮುಂದೇನೇ ಎಲೆ ಅಗಲಾಗಿತ್ತಲ್ರಿ?"

ಬಕ್ಕೇಶಪ್ಪನವರಿಗೆ ಅಯ್ಯೋ ಅನ್ನಿಸಿತು. ಆದರೆ ಪತ್ತೇದಾರರು ಕರಗಬಾರದಲ್ಲ!

ಎರಡನೇ ಅನುಮಾನ ಸ್ಕೇಲಿನ ಮೇಲೆ. ಕಾಗದದ ಚೂರುಗಳ ಮೇಲೆ ಹಿಡಿಸಿದರು. ಚೂರುಗಳೆಲ್ಲ ಪಟಪಟನೆ ಹಾರಿ ಅಂಟಿಕೊಂಡವು. ಅಂದರೆ ಸ್ಕೇಲು ನಿರಪರಾಧಿ. ಚಾರ್ಜ್ ಬರುತ್ತಿದೆ, ಎಲ್ಲೋ ಸೋರಿ ಹೋಗುತ್ತಿದೆ. ಯಾವ ದಾರಿಯಲ್ಲಿ?

ಎಲೆಗಳನ್ನು ಹತ್ತಿರದಿಂದ ನೋಡಲು ಬಗ್ಗಿದರು. ಹಾರ ಅಡ್ಡ ಬಂತು. ಅದನ್ನು ತೆಗೆದು ಪಕ್ಕಕ್ಕಿಟ್ಟು, ಇನ್ನೊಮ್ಮೆ ಸ್ಕೇಲು ಹಿಡಿಯಲು ಹೇಳಿದರು.

ಎಲೆಗಳು ಅಗಲವಾದವು.

ಹಾರ ಹಾಕಿದರು — ಎಲೆಗಳು ಕೂಡಿಕೊಂಡವು. ತೆಗೆದು ಮತ್ತೆ ಸ್ಕೇಲು ತಾಗಿಸಿದರು — ಅಗಲವಾದವು. ಬಕ್ಕೇಶಪ್ಪನವರ ಮುಖ ಅರಳಿತು. ಬಾಡದಿರಲೆಂದು ಹೂವಿಗೆ ನೀರು ಚಿಮುಕಿಸಿದ್ದಾರೆ, ಬಿಲ್ಲೆಗೆ ತಾಗಿದ ಹಾರದ ಎರಡೂ ತುದಿ ಕಬ್ಬಿಣದ ಟೇಬಲ್ ಮುಟ್ಟುತ್ತಿವೆ, ಬಿಲ್ಲೆಯ ಚಾರ್ಜ್ ಒದ್ದೆ ಹೂವಿನಗುಂಟ ಇಳಿದು ನೆಲ ಸೇರುತ್ತಿದೆ ಎಂದು ಮಕ್ಕಳಿಗೆ ಬಿಡಿಸಿ ಹೇಳಿದರು. ಉಳಿದ ಉಪಕರಣಗಳಿಗೆಲ್ಲ ಒಂದೊಂದೇ ಹೂವು. ಇದೊಂದಕ್ಕೇ ಮೊಳಗಟ್ಟಲೆ ಹಾರ.

"ಹಂಗಾದ್ರೆ ಹಾರ ಹಾಕಿದೋರು ಯಾರು?"

ಶೋಭಾರಾಣಿ ಫ್ಯಾನು ನೋಡಿದರು. ಕೊಟ್ಟೂರೇಶ್ ಪೆನ್ನಿನ ಮುಚ್ಚಳ ಹುಡುಕಿದ. ಬಕ್ಕೇಶಪ್ಪನವರಿಗೆ ಆಗ ನೆನಪಾಯಿತು. ಪೂಜೆಯ ಹೊತ್ತಿಗೆ ಓಬಕ್ಕ ಇದಕ್ಕೂ ಒಂದೇ ಹೂವು ಸಾಕೆಂದಿದ್ದಳು. ಪ್ರದರ್ಶನಕ್ಕೆ ಹೋಗುವ ವಸ್ತು, ಕಳೆ ಬೇಡವೇ ಎಂದು ಗದರಿಸಿ, ಇದ್ದುದರಲ್ಲೇ ಉದ್ದದ ಹಾರ ಆರಿಸಿ ಹಾಕಿದ ಕೈ ತಮ್ಮದೇ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು.

"ತಪ್ಪಾತು, ಓಬಕ್ಕ. ಕಳ್ಳ ನಾನೇ."

ಕೊಟ್ಟೂರೇಶ್ ಪ್ರಾಮಾಣಿಕ ಗುಮಾಸ್ತ. "ಸಾರ್, ಆದೇಶ ಅರ್ಧ ಬರ್ದೀನಿ. ಗೇಟಿಗೆ ಯಾರ ಹೆಸರು ಹಾಕ್ಲಿ?"

"ಇವತ್ತೊಂದಿನ ನಂದೇ ಹಾಕಪ್ಪ. ಓಬಕ್ಕ, ನೀವು ಟೀಚರ್ ಜೊತೆ ಹರಿಹರಕ್ಕೆ ಹೋಗ್ರಿ. ಅಲ್ಲಿ ಯಾರಾದ್ರೂ ದೊಡ್ಡ ಮನುಷ್ಯರು ಹಾರ ಹಿಡ್ಕಂಡು ಬಂದ್ರೆ, ಇದರ ಹತ್ರ ಬಿಡಬ್ಯಾಡ್ರಿ."