ಇದ್ದಿಲು ಯಾಕೆ ಗುರ್ ಅನ್ನಲಿಲ್ಲ?

"ಈ ನಾಯೀನ ಸಾಯಿಸಿಬಿಡಿ."

ಬಾಗಿಲಲ್ಲಿ ನಿಂತು ಅವನು ಆಡಿದ ಮೊದಲ ಮಾತು ಅದು. ಪೀಠಿಕೆಯಿಲ್ಲ, ಸುತ್ತುಬಳಸಿಲ್ಲ. ಅಂಗಿಯ ತೋಳಿಗೆ ಮರದ ಪುಡಿ ಮೆತ್ತಿಕೊಂಡಿತ್ತು. ಕೈಯಲ್ಲಿ ಹಗ್ಗ, ಹಗ್ಗದ ಇನ್ನೊಂದು ತುದಿಯಲ್ಲಿ ಕರ್ರಗಿನ ದೊಡ್ಡ ನಾಯಿ.

ಮೇಜಿನ ಹಿಂದೆ ಕೂತಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರ ಬಾಯಲ್ಲೂ ಅವಳು 'ನಾಯಿ ಟೀಚರ್'. ಅಪ್ಪ ಕಟ್ಟಿದ ನಾಯಿ ತರಬೇತಿ ಶಾಲೆಯನ್ನು, ಅವರು ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಹೊರಗಿನ ಬೋರ್ಡಿನ ಮೇಲೆ ಅಪ್ಪನ ಕಾಲದ ಸಾಲು ಇನ್ನೂ ಹಾಗೇ ಇತ್ತು: 'ನಮ್ಮಲ್ಲಿ ಕಲಿತ ನಾಯಿ ಗುರ್ ಎನ್ನುವುದಿಲ್ಲ.' ಅದನ್ನು ಓದಿದಾಗಲೆಲ್ಲ ಅವಳಿಗೆ ಎದೆ ಉಬ್ಬುತ್ತಿತ್ತು.

"ಯಾಕ್ರೀ? ಬೇಜಾರಾಯ್ತಾ? ಮುರಿದ ಕುರ್ಚಿ ಎಸೆಯೋ ಹಾಗೆ ಎಸೆದು ಹೋಗೋಕೆ ಬಂದ್ರಾ?"

"ಮುರಿದ ಕುರ್ಚೀನ ನಾನು ಎಸೆಯಲ್ಲ. ರಿಪೇರಿ ಮಾಡ್ತೀನಿ. ಕಾರ್ಪೆಂಟರ್ ನಾನು." ಅವನ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಇದು ನಿನ್ನೆ ನಮ್ಮ ಪುಟ್ಟಿ ಕೆನ್ನೆ ಕಚ್ಚಿದೆ. ನನ್ನ ಅಕ್ಕನ ಮಗಳು. ಆರು ವರ್ಷ. ಹದಿನೇಳು ಹೊಲಿಗೆ."

ಅವಳ ಸಿಟ್ಟು ಸ್ವಲ್ಪ ಇಳಿಯಿತು. ಆದರೆ ಆ ನಾಯಿ! ಅವಳನ್ನು ಕಂಡದ್ದೇ ಬಾಲ ಮುದುರಿ, ಹೊಟ್ಟೆ ನೆಲಕ್ಕೆ ತಾಗುವಂತೆ ಕುಗ್ಗಿ ಕೂತಿತ್ತು. ಅದನ್ನು ನೋಡಿ ಅವಳ ಸಿಟ್ಟು ಮತ್ತೆ ನೆತ್ತಿಗೇರಿತು.

"ಹೇಗೆ ನಡುಗ್ತಿದೆ ನೋಡಿ! ಹೊಡೀತಿದ್ರಾ ಇದಕ್ಕೆ?"

"ಇಲ್ಲ."

"ಮತ್ತೆ ಸುಮ್ಮಸುಮ್ಮನೆ ಕಚ್ಚಿತಾ? ಮೊದಲು ಗುರ್ ಅಂದಿರುತ್ತೆ. ನೀವು ಕಿವಿಗೆ ಹಾಕ್ಕೊಂಡಿರಲ್ಲ."

"ಗುರ್ ಅನ್ನಲೇ ಇಲ್ಲ. ಪಕ್ಕದಲ್ಲೇ ಇದ್ದೆ ನಾನು. ಪುಟ್ಟಿ ಅದರ ಕುತ್ತಿಗೆ ತಬ್ಬಿಕೊಂಡಳು. ಒಂದು ಸದ್ದಿಲ್ಲ... ನೇರ ಬಾಯಿ ಹಾಕಿಬಿಡ್ತು."

"ಸುಳ್ಳು! ಹೇಳದೆ ಕಚ್ಚೋ ನಾಯಿ ಎಲ್ಲೂ ಹುಟ್ಟಲ್ಲ ಕಣ್ರೀ!"

ಈ ಮಾತನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ. ಹತ್ತು ದಿನ ಕಳೆಯುವುದರೊಳಗೆ ಇದೇ ಮಾತು ಅವಳ ಮುಖಕ್ಕೆ ತಿರುಗಿ ಬಡಿಯಲಿತ್ತು.

ಗಲಾಟೆ ಕೇಳಿ ಪಕ್ಕದ ಕ್ಲಿನಿಕ್ಕಿನಿಂದ ಡಾಕ್ಟರಮ್ಮ ಕನ್ನಡಕ ಒರೆಸಿಕೊಳ್ಳುತ್ತಾ ಬಂದರು. ಪ್ರಾಣಿಗಳಿಗೆ ಮದ್ದು ಕೊಟ್ಟು ಕೂದಲು ನೆರೆತ ಹೆಂಗಸು.

"ಕಚ್ಚಿದ ನಾಯೀನ ಹತ್ತು ದಿನ ಕಣ್ಣಿಟ್ಟು ನೋಡಬೇಕಪ್ಪ. ಹುಚ್ಚು ಇದೆಯೋ ಇಲ್ವೋ ಗೊತ್ತಾಗಬೇಕಲ್ಲ. ಮಗೂಗೆ ಲಸಿಕೆ ಹಾಕಿಸಿದ್ಯಾ?"

"ನಿನ್ನೇನೇ ಶುರು ಮಾಡಿಸಿದ್ದೀನಿ."

"ಒಳ್ಳೇದಾಯ್ತು. ನಾಯಿ ಇಲ್ಲೇ ಇರಲಿ. ಹತ್ತನೇ ದಿನ ಬಂದು ಸಹಿ ಹಾಕು. ಆಮೇಲೆ ಸೂಜಿ."

ಅವನು ತಲೆಯಾಡಿಸಿದ. ಹೋಗುವಾಗ ಮಾತ್ರ ಬಾಗಿಲ ಬಳಿ ನಿಂತು, ತಿರುಗಿ ನೋಡದೆ ಹೇಳಿದ. "ಅದರ ಹೆಸರು ಇದ್ದಿಲು. ನೀರು ಸ್ವಲ್ಪ ಜಾಸ್ತಿ ಕುಡಿಯುತ್ತೆ."

ಸಾಯಿಸಿ ಅಂತಾನೆ, ನೀರಿನ ಲೆಕ್ಕ ಬೇರೆ ಹೇಳ್ತಾನೆ... ಎಂಥ ಕಲ್ಲು ಮನುಷ್ಯ ಅಂದುಕೊಂಡಳು ಅವಳು.

ಕಲ್ಲು ಮನುಷ್ಯ ಮಾರನೇ ದಿನ ಮಧ್ಯಾಹ್ನ ಮತ್ತೆ ಬಂದ. ಅದರ ಮಾರನೇ ದಿನವೂ ಬಂದ. ಊಟದ ಬಿಡುವಿನಲ್ಲಿ ಬಂದು ಇದ್ದಿಲಿನ ಗೂಡಿನ ಎದುರು ಅರ್ಧ ಗಂಟೆ ಕೂರುತ್ತಿದ್ದ. ಡಬ್ಬಿ ಬಿಚ್ಚುತ್ತಿರಲಿಲ್ಲ. ಇದ್ದಿಲನ್ನು ನೋಡುತ್ತಲೂ ಇರಲಿಲ್ಲ.

"ಬೇಗ ಸಾಯ್ತಿದೆಯಾ ಅಂತ ನೋಡೋಕೆ ಬರ್ತೀರಾ?" ಮೂರನೇ ದಿನ ಅವಳು ಕೇಳಿಯೇಬಿಟ್ಟಳು.

"ಪುಟ್ಟಿ ಕಳಿಸ್ತಾಳೆ. ಇದ್ದಿ ಊಟ ಮಾಡ್ತಾ ಅಂತ ದಿನಾ ಕೇಳ್ತಾಳೆ. ಬಾಯಿ ಪೂರ್ತಿ ತೆರೆಯೋಕಾಗಲ್ಲ, ಹಾಗೇ ಕೇಳ್ತಾಳೆ."

ಅವಳಿಗೆ ಚುರುಕ್ ಅಂದಿತು. ಆದರೂ ಬಿಡಲಿಲ್ಲ.

"ಹಾಗಾದ್ರೆ ಇದನ್ನೂ ಹೋಗಿ ಹೇಳಿ. ಇದ್ದಿಲು ತಲೆ ಒಂದೇ ಕಡೆ ವಾಲಿಸ್ತಿದೆ, ನೋಡಿದ್ರಾ? ಎಡಗಿವಿ ಹತ್ರ ಮೂಗಿಟ್ಟು ನೋಡಿ, ಕೆಟ್ಟ ವಾಸನೆ. ಒಳಗೆ ಕೀವು ತುಂಬಿದೆ. ಎಷ್ಟು ದಿನದ ನೋವೋ! ಅಲ್ಲೇ ಮಗು ತಬ್ಬಿಕೊಂಡಿದೆ. ನಾಯಿ ಸಾಕೋದು ಅಂದ್ರೆ ತಟ್ಟೆಗೆ ಅನ್ನ ಹಾಕೋದಷ್ಟೇ ಅಲ್ಲ ಕಣ್ರೀ. ವಾರಕ್ಕೊಂದು ಸಲ ಕಿವಿ, ಹಲ್ಲು, ಪಾದ ನೋಡಬೇಕು!"

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದಳು. ಅವನು ತಲೆ ತಗ್ಗಿಸಿದ.

"ನೋಡಲಿಲ್ಲ. ಅಕ್ಕ ನೋಡ್ತಿದ್ದಳು."

"ಮತ್ತೆ ಅವರೆಲ್ಲಿ?"

"ಹೋಗಿಬಿಟ್ಟಳು... ಎಂಟು ತಿಂಗಳಾಯ್ತು. ಮರಿಗಳ ಗುಂಪಲ್ಲಿ ಎಲ್ಲರೂ ಓಡಿ ಬಂದು ಕಾಲು ನೆಕ್ಕೋವನ್ನ ಆರಿಸಿದ್ರೆ, ಅವಳು ಮೂಲೇಲಿ ಕೂತಿದ್ದ ಇದನ್ನ ಎತ್ಕೊಂಡು ಬಂದಿದ್ಲು. ಅವಳ ಮಗಳು, ಅವಳ ನಾಯಿ. ಎರಡನ್ನೂ ನನ್ನ ಕೈಗೆ ಕೊಟ್ಟು ಹೋದ್ಲು. ಈಗ ಎರಡರಲ್ಲಿ ಒಂದನ್ನ ಉಳಿಸ್ಕೋಬೇಕು."

ಕಲ್ಲು ಮನುಷ್ಯನ ಕಣ್ಣು ಕೆಂಪಾಗಿತ್ತು.

ಅಲ್ಲಿಂದ ಮುಂದೆ ಅವಳ ಬೈಗುಳ ಪಾಠವಾಯಿತು. ನಾಯಿಯ ಎದುರು ಹೇಗೆ ಕೂರಬೇಕು, ಪಕ್ಕಕ್ಕೆ ತಿರುಗಿ, ಕಣ್ಣಲ್ಲಿ ಕಣ್ಣಿಡದೆ... ಕೈಯನ್ನು ತಲೆಯ ಮೇಲಿಂದ ತರಬಾರದು, ಕೆಳಗಿಂದ ತಂದು ಅದೇ ಬಂದು ಮೂಸಲು ಬಿಡಬೇಕು. ಮಕ್ಕಳಿಗೆ ಕುತ್ತಿಗೆ ತಬ್ಬಲು ಕಲಿಸಲೇಬಾರದು. ಅವನು ಶಾಲೆಯ ಹುಡುಗನಂತೆ ಕೇಳುತ್ತಿದ್ದ. ಕೇಳುತ್ತಲೇ ಗೂಡಿನ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟ, ಇದ್ದಿಲು ಆ ಸದ್ದಿಗೆ ಬೆಚ್ಚುತ್ತಿತ್ತೆಂದು. ಅವಳ ಕುಂಟುವ ಕುರ್ಚಿಯ ಕಾಲಿಗೆ, ಕೇಳದೆಯೇ, ತುಂಡು ಮರ ಕೂರಿಸಿದ.

"ರಿಪೇರಿ ಮಾಡ್ತೀನಿ ಅಂದಿದ್ದು ನಿಜ ಹಾಗಾದ್ರೆ," ಅಂದಳು.

"ಆಗೋದನ್ನ ಮಾಡ್ತೀನಿ ಟೀಚರ್," ಅಂದ ಅವನು, ಗೂಡಿನ ಕಡೆ ನೋಡುತ್ತಾ.

ಆರನೇ ದಿನ ಅವನು ಹೊರಟ ಮೇಲೆ ಅವಳು ಇದ್ದಿಲಿನ ಕಿವಿಗೆ ಮದ್ದು ಬಿಡಲು ಕೂತಳು. ಒಗ್ಗಿಕೊಂಡಿದೆ ಬಿಡು ಅಂತ ಬಾಯಿಯ ಕುಕ್ಕೆ ಬಿಚ್ಚಿದ್ದಳು. ಬೆರಳು ಕಿವಿಗೆ ತಾಗಿತು. ಇದ್ದಿಲಿನ ಮೈ ಬಿಗಿಯಿತು, ಕಣ್ಣಂಚಿನ ಬಿಳಿ ಕಂಡಿತು, ಅಷ್ಟೇ. ಮರುಕ್ಷಣ ಅವಳ ತೋಳಿನ ಬಟ್ಟೆ ಹರಿದಿತ್ತು!

ಒಂದು ಸದ್ದಿಲ್ಲ.

ನೋವಾದರೆ ನಾಯಿ ಗುರ್ ಅನ್ನಲೇಬೇಕು. ಅದು ಅದರ ಹುಟ್ಟುಗುಣ. ಅನ್ನದಿದ್ದರೆ... ಯಾರೋ ಬಿಡಿಸಿರಬೇಕು. ಅದು ಗುರ್ ಎಂದಾಗಲೆಲ್ಲ ಕುತ್ತಿಗೆಯ ಪಟ್ಟಿ ಜಗ್ಗಿ, ಉಸಿರು ಕಟ್ಟಿಸಿ, ಬಿಡಿಸಿರಬೇಕು.

ಹೇಗೆ ಬಿಡಿಸುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಕಲಿಸಿದ್ದರು. ಗುರ್ ನಿಂತರೆ ಕಚ್ಚುವುದೂ ನಿಂತಂತೆ ಎಂದು ಅವರು ನಂಬಿದ್ದರು. ಅವಳೂ ನಂಬಿದ್ದಳು.

ಕಪಾಟಿನಲ್ಲಿ ಹಳೆಯ ಕಾರ್ಡುಗಳ ಕಟ್ಟು ಇತ್ತು. ಮೂರು ವರ್ಷದ ಹಿಂದಿನದು ಸಿಕ್ಕಿತು. 'ಇದ್ದಿಲು. ಗಂಡು, ಎಂಟು ತಿಂಗಳು. ಗುರ್ ಎನ್ನುವ ಚಟ ಪೂರ್ತಿ ಬಿಟ್ಟಿದೆ. ತೃಪ್ತಿಕರ.' ಅವಳದೇ ದುಂಡು ಅಕ್ಷರ. ಕೆಳಗೆ ಒಂದು ಹೆಂಗಸಿನ ಸಹಿ.

ಆಗ ನೆನಪಾಯಿತು. ಕಿರುನಗೆಯ ಆ ಹೆಂಗಸು, ಸೊಂಟದ ಮೇಲೊಂದು ಮಗು. "ಪಾಪ, ಅದೇನೋ ಹೇಳ್ತಿದೆ ಅನ್ಸುತ್ತೆ ಟೀಚರ್..." ಅಂದಿದ್ದಳು. "ನಾಯಿ ಎದುರು ಮಾತಾಡಬಾರದು ಮೇಡಂ," ಅಂತ ತಾನು ನಕ್ಕು, ಪಟ್ಟಿಯನ್ನು ಇನ್ನೊಮ್ಮೆ ಜಗ್ಗಿದ್ದಳು.

ಇದ್ದಿಲು ನಡುಗಿದ್ದು ಅವನನ್ನು ಕಂಡಲ್ಲ. ನನ್ನನ್ನು ಕಂಡು... ಅಯ್ಯೋ, ನನ್ನನ್ನು ಕಂಡು!

ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳನ್ನು ಇಲ್ಲಿ ಒಳ್ಳೆಯವಳನ್ನಾಗಿ ಮಾಡುವ ಆಸೆ ನನಗಿಲ್ಲ. ಏಳನೇ ದಿನ ಅವನು ಬಂದು, "ನೀವು ಹೇಳಿದ್ದೇ ಸರಿ ಟೀಚರ್. ತಪ್ಪು ನನ್ನದೇ ಅಂತ ಪುಟ್ಟಿಗೂ ಹೇಳಿದೆ," ಅಂದಾಗ ಅವಳು ನೆಲ ನೋಡಿದಳು. ಎಂಟನೇ ದಿನವೂ ನೆಲವನ್ನೇ ನೋಡಿದಳು. ಹೇಳಿದರೆ ಅವನು ಮತ್ತೆ ಬರುವುದಿಲ್ಲ ಎಂಬ ಭಯ ಅವಳ ಬಾಯಿ ಹೊಲಿದಿತ್ತು.

ಒಂಬತ್ತನೇ ದಿನ ಅವನು ಡಬ್ಬಿ ಬಿಚ್ಚಿದ. ಅರ್ಧ ಅವಳ ಕಡೆ ತಳ್ಳಿದ.

"ನಾಳೆ ಸಹಿ ಹಾಕ್ತೀನಿ. ಇದನ್ನ ಮನೆಗೆ ಕರ್ಕೊಂಡು ಹೋಗೋ ಧೈರ್ಯ ನನಗಿಲ್ಲ."

"ಹೂಂ..."

"ಆಮೇಲೆ ಇಲ್ಲಿಗೆ ಬರೋಕೆ ಕಾರಣ ಇರಲ್ಲ." ಅವನು ಕಿವಿಯವರೆಗೂ ಕೆಂಪಾದ. "ಕಾರಣ ಇಲ್ಲದೆ ಬಂದ್ರೆ... ಬೈತೀರಾ?"

ಎಷ್ಟು ದಿನದಿಂದ ಕಾದಿದ್ದ ಮಾತು! ಬೇರೆ ದಿನವಾಗಿದ್ದರೆ ಅವಳು ಕುಣಿದಾಡುತ್ತಿದ್ದಳು. ಈಗ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ವಾಪಸ್ಸು ಹಾಕಿದಳು. ಹೂಂ ಅಂದುಬಿಡಲೇ? ನಾಳೆ ಸೂಜಿ ಬಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ...

ಹಾಗೆ ಯೋಚಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು. ಎದ್ದು ಹೋಗಿ ಕಾರ್ಡು ತಂದು ಅವನ ಮುಂದಿಟ್ಟಳು.

"ಕಚ್ಚೋದಕ್ಕೆ ಮುಂಚೆ ಅದು ಯಾಕೆ ಹೇಳಲಿಲ್ಲ ಅಂತ ಇದರಲ್ಲಿದೆ. ಹೇಳೋದನ್ನ ಬಿಡಿಸಿದ್ದು ನಾನು. ಈ ಕೈಯಲ್ಲೇ. ಕಿವಿ ನೋಡದೇ ಇದ್ದಿದ್ದು ನೀವಿರಬಹುದು, ಆದ್ರೆ ಅದಕ್ಕೆ ಗುರ್ ಅನ್ನೋಕೆ ಬಂದಿದ್ರೆ ಪುಟ್ಟಿ ಕೈ ತೆಗೀತಿದ್ಲು. ಆರನೇ ದಿನವೇ ನನಗೆ ಗೊತ್ತಾಯ್ತು. ಮೂರು ದಿನ ಮುಚ್ಚಿಟ್ಟೆ."

ಅವನು ಓದಿದ. ಮತ್ತೆ ಓದಿದ. ಸಹಿಯ ಮೇಲೆ ಹೆಬ್ಬೆರಳು ಆಡಿಸಿದ.

"ಅಕ್ಕನ ಸಹಿ," ಅಂದ.

"ಬೈಯ್ರಿ ನನ್ನ. ಏನಾದ್ರೂ ಅನ್ನಿ..."

"ಹದಿನೇಳು ಹೊಲಿಗೆ ಟೀಚರ್." ಅಷ್ಟೇ ಅಂದ. ಡಬ್ಬಿ ಅಲ್ಲೇ ಬಿಟ್ಟು ಎದ್ದು ಹೋದ.

ಹತ್ತನೇ ದಿನ ಬೆಳಿಗ್ಗೆ ಡಾಕ್ಟರಮ್ಮ ಕಾಗದ ತಂದಿಟ್ಟರು. "ಹುಚ್ಚಿಲ್ಲಮ್ಮ ಇದಕ್ಕೆ. ಆದ್ರೆ ಹೇಳದೆ ಕಚ್ಚೋ ನಾಯೀನ ಯಾರು ಇಟ್ಕೋತಾರೆ?"

"ನಾನು ಇಟ್ಕೋತೀನಿ. ಮಕ್ಕಳು ಬರದ ಹಿಂದಿನ ಅಂಗಳದಲ್ಲಿ, ಹೊರಗೆ ಕರ್ಕೊಂಡು ಹೋಗುವಾಗ ಕುಕ್ಕೆ ಹಾಕಿ."

"ನಾಯಿ ಅವನದು. ಅವನು ಒಪ್ಪಬೇಕಲ್ಲ."

ಮೇಜಿನ ಮೇಲೆ ಕಾರ್ಡುಗಳ ಕಟ್ಟು ಬಿಚ್ಚಿತ್ತು. ಅವಳ ದುಂಡು ಅಕ್ಷರದ 'ತೃಪ್ತಿಕರ' ನಲವತ್ತೊಂದು ನಾಯಿಗಳ ಕಾರ್ಡಿನಲ್ಲಿತ್ತು. ಬೆಳಗಿನಿಂದ ಒಂದೊಂದು ಮನೆಗೂ ಫೋನ್ ಮಾಡುತ್ತಿದ್ದಳು.

"ನಾಯಿ ಶಾಲೆಯಿಂದ ಟೀಚರ್ ಮಾತಾಡ್ತಿರೋದು. ನಿಮ್ಮ ನಾಯಿಗೆ ನಾನು ಕಲಿಸಿದ್ದು ತಪ್ಪು. ದಯವಿಟ್ಟು ಮಕ್ಕಳನ್ನ ಅದರ ಜೊತೆ ಒಬ್ಬರನ್ನೇ ಬಿಡಬೇಡಿ. ಅದು ಯಾವತ್ತಾದ್ರೂ ಗುರ್ ಅಂದ್ರೆ ಬೈಬೇಡಿ. ದೂರ ಸರೀರಿ, ಸಾಕು. ಇಲ್ಲ, ಶಾಲೆಯದ್ದಲ್ಲ... ತಪ್ಪು ನನ್ನದು."

ಕೆಲವರು ಬೈದರು. ಕೆಲವರು ನಕ್ಕು ಫೋನಿಟ್ಟರು. ಒಬ್ಬ ಮುದುಕ, "ಅದನ್ನ ಹೋದ ವರ್ಷವೇ ಸಾಯಿಸಿಬಿಟ್ವಲ್ಲಮ್ಮ. ನನ್ನ ಹೆಂಡತಿ ಕೈ ಕಚ್ಚಿತು. ಅಷ್ಟು ಸಾಧು ನಾಯಿ, ಯಾಕೆ ಹಾಗೆ ಮಾಡ್ತೋ..." ಅಂದ. ಅವಳು ಆ ಮುದುಕನಿಗೂ ಹೇಳಿದಳು. ಯಾಕೆ ಹಾಗೆ ಮಾಡಿತೆಂದು ಒಂದೂ ಬಿಡದೆ ಹೇಳಿ, ಫೋನಿಟ್ಟು, ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು.

ತಲೆಯೆತ್ತಿದಾಗ ಬಾಗಿಲಲ್ಲಿ ಅವನಿದ್ದ! ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಅವನು ಕಾಗದವನ್ನು ನೋಡಿದ. ಪೆನ್ನು ಮುಟ್ಟಲಿಲ್ಲ.

"ಏಣಿ ಇದೆಯಾ?"

"ಏ... ಏಣೀನಾ?"

"ಹೊರಗಿನ ಆ ಬೋರ್ಡ್ ಇಳಿಸಬೇಕು."

ಏಣಿ ಸಿಕ್ಕಿತು. ಅವಳು ಕೆಳಗೆ ಹಿಡಿದು ನಿಂತಳು. ಅವನು ಒಂದೊಂದೇ ಸ್ಕ್ರೂ ಬಿಚ್ಚಿದ. ಕೊನೆಯದು ತುಕ್ಕು ಹಿಡಿದಿತ್ತು, ಬಹಳ ಹೊತ್ತು ಹಿಡಿಯಿತು.

"ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡಿ," ಮೇಲಿನಿಂದಲೇ ಹೇಳಿದ.

"ಅಂದ್ಕೊಂಡಿಲ್ಲ."

"ಇದ್ದಿಲು ನಿಮ್ಮ ಹತ್ರ ಇರಲಿ. ನಾನು ದಿನಾ ಬರ್ತೀನಿ. ಪುಟ್ಟಿಗೆ ವರದಿ ಒಪ್ಪಿಸಬೇಕಲ್ಲ."

ಐದು ತಿಂಗಳು ಕಳೆಯಿತು. ಪುಟ್ಟಿಯ ಕೆನ್ನೆಯ ಮೇಲೆ ಗೆರೆ ಉಳಿಯಿತು, ನಗುವಾಗ ಒಂದು ಕಡೆ ಎಳೆಯುತ್ತದೆ. ಇದ್ದಿ ಊಟ ಮಾಡ್ತಾ ಅಂತ ಈಗಲೂ ಕೇಳುತ್ತಾಳೆ, ನೋಡಲು ಬಾ ಅಂದರೆ ಬೇಡ ಅನ್ನುತ್ತಾಳೆ. ಯಾರೂ ಒತ್ತಾಯ ಮಾಡುವುದಿಲ್ಲ.

ಅಂಗಳದಲ್ಲಿ ಟೀಚರನ್ನು ಕಂಡರೆ ಇದ್ದಿಲಿನ ಹೊಟ್ಟೆ ಈಗ ನೆಲಕ್ಕೆ ತಾಗುವುದಿಲ್ಲ. ಅದಕ್ಕೇ ಮೂರು ತಿಂಗಳು ಬೇಕಾಯಿತು. ದಿನವೂ ದೂರದಲ್ಲಿ ಕೂತು, ಏನೂ ಕೇಳದೆ, ತಿನಿಸು ಎಸೆದು ಎದ್ದು ಬರುತ್ತಿದ್ದಳು. ಆದರೆ ಸದ್ದು ಮಾತ್ರ ಹಿಂದಿರುಗಿರಲಿಲ್ಲ.

ಅವತ್ತು ಮಧ್ಯಾಹ್ನ ಇದ್ದಿಲು ಮೂಳೆ ಕಡಿಯುತ್ತಿತ್ತು. ಅವನು ಮಾತಿನ ಭರದಲ್ಲಿ ಅದರ ಪಕ್ಕದಲ್ಲಿದ್ದ ಸ್ಟೂಲ್ ಎಳೆಯಲು ಕೈ ಚಾಚಿದ. ಇದ್ದಿಲಿನ ಮೈ ಬಿಗಿಯಿತು.

"ಗು... ಗುರ್ರ್..."

ತುಕ್ಕು ಹಿಡಿದ ಸಣ್ಣ ಸದ್ದು. ಅರ್ಧಕ್ಕೇ ನಿಲ್ಲಿಸಿ, ಪಟ್ಟಿ ಜಗ್ಗುತ್ತಾರೆಂದು ಅದು ಕಣ್ಣು ಮುಚ್ಚಿತು.

"ಕೈ ಹಿಂದಕ್ಕೆ ತಗೊಳ್ಳಿ. ಮೆಲ್ಲಗೆ," ಅವಳು ಪಿಸುಗುಟ್ಟಿದಳು.

ಅವನು ಕೈ ತೆಗೆದ, ಎರಡು ಹೆಜ್ಜೆ ಹಿಂದೆ ಸರಿದ. ಯಾರೂ ಪಟ್ಟಿ ಜಗ್ಗಲಿಲ್ಲ. ಇದ್ದಿಲು ಒಂದು ಕಣ್ಣು ತೆರೆಯಿತು, ಇಬ್ಬರನ್ನೂ ನೋಡಿತು, ಮತ್ತೆ ಮೂಳೆಗೆ ಬಾಯಿ ಹಾಕಿತು.

"ಹೇಳ್ತು! ಕೇಳಿದ್ರಾ? ಜಾಣ! ನನ್ನ ಜಾಣ ಮರಿ!" ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಅವನು ಬಂದು ಪಕ್ಕದಲ್ಲಿ ಕೂತ.

"ಟೀಚರ್..."

"ಹೂಂ?"

"ಪುಟ್ಟಿ ನಕ್ಕಾಗೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತೆ. ಇವತ್ತಿಗೂ."

"ಗೊತ್ತು."

"ಆದ್ರೂ ಮಧ್ಯಾಹ್ನ ಆದ್ರೆ ಕಾಲು ಇಲ್ಲಿಗೇ ಬರುತ್ತೆ. ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ ನನಗೆ."

ಅವಳ ಕಣ್ಣು ಮತ್ತೆ ತುಂಬಿತು. "ಸಿಟ್ಟು ಬಂದಾಗ ಬಂದಿದೆ ಅಂತಾನೇ ಹೇಳಿ. ನುಂಗ್ಕೋಬೇಡಿ. ನಾನು ಕೈ ಹಿಂದಕ್ಕೆ ತಗೋತೀನಿ."

ಅವನು ಅವಳ ಕೈಯನ್ನು ತನ್ನ ಒರಟು ಅಂಗೈಯೊಳಗೆ ತೆಗೆದುಕೊಂಡ.

"ಹೇಳ್ತೀನಿ," ಅಂದ. "ಕೈ ಮಾತ್ರ ಇಲ್ಲೇ ಇರಲಿ."