ಕೀ ಒಳಗೆ, ಅತ್ತೆ ಹೊರಗೆ

“ಕೀ ಎಲ್ಲೇ?” ಎಂದರು ಅತ್ತೆ.

“ಒಳಗೆ.”

“ನಾವು?”

“ಹೊರಗೆ,” ಎಂದಳು ಗಿರಗಿಟ್ಲೆ. ಒಂದು ಕಡೆ ಕೂರದ ಹುಡುಗಿಗೆ ಮನೆಯವರು ಇಟ್ಟ ಹೆಸರದು. ಬೆಕ್ಕನ್ನು ಅಟ್ಟಿಸಿಕೊಂಡು ಬಂದು, ಎಳೆದರೆ ತಾನಾಗಿ ಲಾಕ್ ಆಗುವ ಬಾಗಿಲನ್ನು ಢಬ್ಬೆಂದು ಎಳೆದವಳೂ ಅವಳೇ.

ಒಣಗಿದ ಬಟ್ಟೆ ತರಲು ಹೊರಗೆ ಬಂದಿದ್ದ ಅತ್ತೆ ನೈಟಿಯಲ್ಲಿದ್ದರು. ಮುಖಕ್ಕೆಲ್ಲ ಹಸಿರು ಫೇಸ್‌ಪ್ಯಾಕ್. ಇನ್ನರ್ಧ ಗಂಟೆಯಲ್ಲಿ ನರ್ಸರಿ ಮಕ್ಕಳನ್ನು ವ್ಯಾನಿನಲ್ಲಿ ಮನೆಗೆ ಬಿಡಬೇಕು. ವ್ಯಾನಿನ ಕೀಯೂ ಒಳಗೇ ಇತ್ತು.

ಅಪ್ಪನಿಗೆ ಬೀಗ ರಿಪೇರಿಯ ಅಂಗಡಿಯಿದೆ. ಎಂಥ ಬಾಗಿಲನ್ನೂ ಚಿಟಿಕೆ ಹೊಡೆಯುವುದರೊಳಗೆ ತೆಗೆಯುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಬಂದ ಟೈಲರ್ ಅಂಕಲ್ ಫೋನ್ ಕೊಟ್ಟರು. ಕೊಟ್ಟರೇನು, ಅಪ್ಪನ ನಂಬರು ಇಬ್ಬರಿಗೂ ನೆನಪಿಲ್ಲ!

“ಬೇರೆ ಬೀಗದವರನ್ನ ಕರೀರಿ,” ಎಂದರು ಅಂಕಲ್.

“ಬೀಗದವನ ತಂಗಿ ನಾನು! ಊರೆಲ್ಲ ನಗುತ್ತೆ!” ಅತ್ತೆ ಗುಡುಗಿದರು. ಕೆನ್ನೆಯಿಂದ ಹಸಿರು ಚೂರೊಂದು ಉದುರಿತು.

ಗಿರಗಿಟ್ಲೆಗೆ ಥಟ್ಟನೆ ಹೊಳೆಯಿತು. ಅಂಗಡಿಗೆ ವೆಬ್‌ಸೈಟ್ ಇದೆಯಲ್ಲ! ಅಣ್ಣ ಮಾಡಿದ್ದು, ಮಾತುಗಳನ್ನು ಅವಳೇ ಬರೆದದ್ದು. “ಸರ್ಚ್ ಮಾಡ್ತೀನಿ. ಏನಂತ ಟೈಪ್ ಮಾಡ್ಲಿ?”

“ಕೀ ಒಳಗಿದೆ, ಬಾಗಿಲು ಹಾಕ್ಕೊಂಡಿದೆ, ಯಾರಾದ್ರೂ ಬನ್ರಪ್ಪಾ ಅಂತ ಮಾಡೇ!”

ಹಾಗೇ ಮಾಡಿದಳು. ಬಾಗಿಲು ಮಾರುವವರು ಬಂದರು. ದುಃಖದ ಹಾಡೊಂದು ಬಂತು. ಅಪ್ಪನ ಅಂಗಡಿ ಮಾತ್ರ ನಾಪತ್ತೆ. ಕೊನೆಗೆ ಎಂಟನೆಯ ಪುಟದ ತಳದಲ್ಲಿ ಸಿಕ್ಕಿತು: “ಮುಖಪುಟ. ಸಮಗ್ರ ಭದ್ರತಾ ಸೇವೆಗಳ ವಿಶ್ವದರ್ಜೆಯ ಆಗರ.”

“ಇದ್ಯಾವ ಬ್ಯಾಂಕೇ?” ಎಂದರು ಅತ್ತೆ.

“ನಮ್ಮಂಗಡಿ,” ಎಂದಳು ಗಿರಗಿಟ್ಲೆ, ಸಣ್ಣ ದನಿಯಲ್ಲಿ. ಡಿಕ್ಷನರಿ ತಿರುವಿ ತಿರುವಿ ಬರೆದ ಮಾತುಗಳು! ಅವತ್ತು ಎಷ್ಟು ಜಂಬಪಟ್ಟಿದ್ದಳು. ವೆಬ್‌ಸೈಟ್ ನೋಡಿ ಒಬ್ಬರೂ ಫೋನ್ ಮಾಡಲಿಲ್ಲವೆಂದು ಅಪ್ಪ ಸಪ್ಪಗಾಗಿದ್ದರು. ಯಾಕೆಂದು ಈಗ ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು.

ಪುಟದ ಕೊನೆಯಲ್ಲೆಲ್ಲೋ ಇದ್ದ ನಂಬರಿಗೆ ಫೋನ್ ಮಾಡಿದ್ದೇ ತಡ, ಅಪ್ಪ ಸ್ಕೂಟರಿನಲ್ಲಿ ಹಾರಿ ಬಂದು ಬಾಗಿಲು ತೆಗೆದರು. ಅತ್ತೆ ಗಡಿಬಿಡಿಯಲ್ಲಿ ಬಟ್ಟೆ ಬದಲಿಸಿ, ಮುಖ ತೊಳೆಯುವುದನ್ನೇ ಮರೆತು ವ್ಯಾನ್ ಓಡಿಸಿದರು. ನಾಳೆಯೂ ಹಸಿರು ಆಂಟಿಯೇ ಬೇಕೆಂದು ನರ್ಸರಿ ಮಕ್ಕಳು ಹಠ ಹಿಡಿದರಂತೆ.

ಸಂಜೆ ಗಿರಗಿಟ್ಲೆ ಅಣ್ಣನ ಪಕ್ಕ ಕೂತಳು. “ಮುಖಪುಟ ಅನ್ನೋ ಟೈಟಲ್ ತೆಗಿಯೋ. ಅದನ್ನ ಯಾರು ಹುಡುಕ್ತಾರೆ?”

“ಮತ್ತೇನ್ ಹಾಕ್ಲಿ? ಬೀಗ ಬೀಗ ಬೀಗ ಅಂತ ನೂರು ಸಲ?”

“ಓದೋರಿಗೆ ತಲೆ ಕೆಡುತ್ತೆ. ಅತ್ತೆ ಕಿರುಚಿದ್ದನ್ನ ಹಾಕು.”

ಹೊಸ ಟೈಟಲ್ ಬಂತು: “ಕೀ ಒಳಗಿದೆ, ಬಾಗಿಲು ಹಾಕ್ಕೊಂಡಿದೆಯಾ? ಬಂದು ತೆಗೆದುಕೊಡ್ತೀವಿ.” ಅದರ ಕೆಳಗೇ ದಪ್ಪಕ್ಷರದಲ್ಲಿ ನಂಬರು. ವೆಬ್‌ಸೈಟಿನಲ್ಲಿ ‘ಫೋಟೋ ನಾಲ್ಕು’ ಎಂದಷ್ಟೇ ಇದ್ದ ಚಿತ್ರಕ್ಕೆ ‘ಬೀಗದೊಳಗೆ ಮುರಿದ ಕೀ’ ಎಂದು ಬರೆದರು.

ಮೂರು ವಾರ ಏನೂ ಆಗಲಿಲ್ಲ. ಆಮೇಲೊಂದು ಭಾನುವಾರ ಅಪ್ಪನ ಫೋನ್ ಬಡಿದುಕೊಂಡಿತು. “ಸಾರ್, ನಿಮ್ಮ ವೆಬ್‌ಸೈಟ್ ನೋಡಿ ಮಾಡ್ತಿದೀನಿ. ಟವೆಲ್ ಸುತ್ಕೊಂಡು ಹೊರಗಡೆ ನಿಂತಿದೀನಿ. ಮೈಯೆಲ್ಲ ಸೋಪು!”

ಅಣ್ಣ ಬಿದ್ದು ಬಿದ್ದು ನಕ್ಕ. ಗಿರಗಿಟ್ಲೆಗೂ ನಗು ಒತ್ತರಿಸಿಕೊಂಡು ಬಂತು. ಆದರೆ ಟವೆಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಟೈಪ್ ಮಾಡಿರಬೇಕಲ್ಲ ಅವರು, ಎನ್ನಿಸಿತು.

ಅವಳು ಟೂಲ್ ಬ್ಯಾಗ್ ತಂದು ಅಪ್ಪನ ಕೈಗಿಟ್ಟಳು.

“ಬೇಗ ಹೋಗಪ್ಪಾ. ಪಾಪ, ಸೋಪು ಒಣಗುತ್ತೆ.”